ಕೇಳಬಾರದ ಮಾತು

ತಮ್ಮನ ಕೈ ನಡುಗುವುದನ್ನು ಮನೆಯಲ್ಲಿ ಮೊದಲು ಕಂಡವಳು ಗುಬ್ಬಿ. ಬೆಳಗಿನ ಚಹಾದ ಹೊತ್ತು. ಲೋಟ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಎರಡು ಹನಿ ಅಂಗಿಯ ಮೇಲೆ ಬಿದ್ದವು.

"ಚಿಕ್ಕಪ್ಪ, ನಿನ್ನ ಕೈ ಕುಣೀತಿದೆ," ಅಂದಳು.

"ಚಳಿ."

"ಸೆಕೆ ಅಂತ ಫ್ಯಾನು ಹಾಕಿದೀವಲ್ಲ."

"ಹಾಗಾದ್ರೆ ಅದು ಫ್ಯಾನಿನ ಚಳಿ."

ಗುಬ್ಬಿ ನಕ್ಕಳು. ಊಟದ ಡಬ್ಬಿ ಕಟ್ಟುತ್ತಿದ್ದ ಅತ್ತಿಗೆ ತಿರುಗಿ ನೋಡುವಷ್ಟರಲ್ಲಿ ಅವನು ಲೋಟ ಕೆಳಗಿಟ್ಟು ಕೈಯನ್ನು ಮಡಿಲಿಗೆ ಸೇರಿಸಿಕೊಂಡಿದ್ದ.

ಆ ಮನೆಯಲ್ಲಿ ಐದು ಜನ. ಅಣ್ಣ ಸಿಟಿ ಬಸ್ಸಿನ ಡ್ರೈವರ್. ಅತ್ತಿಗೆ ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕೌಂಟರಿನವಳು. ಅವರ ಮಗಳು ಗುಬ್ಬಿ, ಹದಿಮೂರು ವರ್ಷ. ಅಮ್ಮ ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಈಗ ಮನೆಯಲ್ಲಿದ್ದಳು. ತಮ್ಮನಿಗೆ ಮೂವತ್ತೆರಡು, ಮದುವೆಯಾಗಿರಲಿಲ್ಲ. ಅವನದು ಟೈಲ್ಸ್ ಹಾಕುವ ಕೆಲಸ. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರುತ್ತದೆ ಅಂತ ಮೇಸ್ತ್ರಿಗಳು ಹೇಳುತ್ತಿದ್ದರು.

ಹಿಂದಿನ ವರ್ಷ ಅವನಿಗೆ ಕಾಯಿಲೆಯಾಗಿತ್ತು. ಮೊದಮೊದಲು ಅದು ಕಾಯಿಲೆ ಅಂತ ಯಾರಿಗೂ ಅನ್ನಿಸಲಿಲ್ಲ. ನಿದ್ದೆ ಎರಡು ಗಂಟೆ ಸಾಕು ಅನ್ನುತ್ತಿದ್ದ. ಒಂದೇ ವಾರದಲ್ಲಿ ನಾಲ್ಕು ಮನೆಯ ಕೆಲಸ ಒಪ್ಪಿಕೊಂಡು ನಾಲ್ಕೂ ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ. ಮಾತು ಶುರು ಮಾಡಿದರೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಒಂದು ದಿನ ಎಲ್ಲಿಂದಲೋ ನೀಲಿ ಬಣ್ಣದ ದೊಡ್ಡ ಸ್ನಾನದ ತೊಟ್ಟಿ ಕೊಂಡು ತಂದ. ಅದು ಬಚ್ಚಲಿನ ಬಾಗಿಲಲ್ಲೇ ಹಿಡಿಸಲಿಲ್ಲ. ಹಿತ್ತಲಲ್ಲಿ ಇಳಿಸಿದರು. ಅಮ್ಮ ಅದರಲ್ಲಿ ಹೊದಿಕೆಗಳನ್ನು ನೆನೆಸತೊಡಗಿದಳು. ಆಮೇಲೆ ಅವನು ಇದ್ದಕ್ಕಿದ್ದ ಹಾಗೆ ಕುಸಿದ. ಹಾಸಿಗೆಯಿಂದ ಏಳಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರಮ್ಮ ಹೇಳಿದ್ದು ಇಷ್ಟು: ಆ ಏರು, ಈ ಇಳಿತ ಎರಡೂ ಒಂದೇ ಕಾಯಿಲೆ. ಸಕ್ಕರೆ ಕಾಯಿಲೆಯವರ ಹಾಗೆ ದಿನಾ ಮಾತ್ರೆ ತಗೋಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಮಾತ್ರೆಯಿಂದ ಎಂಟು ತಿಂಗಳು ಚೆನ್ನಾಗಿ ಕಳೆದವು. ನಡುಕ ಬಂದದ್ದು ಆಮೇಲೆ.

ನಡುಕ ಹೆಚ್ಚೇನೂ ಇರಲಿಲ್ಲ. ಆದರೆ ಟೈಲ್ಸಿನ ಕೆಲಸದಲ್ಲಿ ಮೊದಲ ಬಿಲ್ಲೆ ಕೂದಲೆಳೆಯಷ್ಟು ವಾಲಿದರೂ ಸಾಲು ಗೋಡೆ ಮುಟ್ಟುವ ಹೊತ್ತಿಗೆ ಒಂದು ಬೆರಳು ವಾಲಿರುತ್ತದೆ. ಒಬ್ಬ ನಿವೃತ್ತ ಮೇಷ್ಟರ ಅಡುಗೆಮನೆಯಲ್ಲಿ ಹಾಗೇ ಆಯಿತು. ಮೇಷ್ಟರು ಒಳ್ಳೆಯವರು, ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಬೇರೆಯವನನ್ನು ಕರೆಸಿ ಆ ಸಾಲುಗಳನ್ನು ಕೀಳಿಸಿದರು. ಕೀಳಲು ಹೋದವನು ತಮ್ಮನ ಜೊತೆ ಹತ್ತು ವರ್ಷ ದುಡಿದ ಸ್ನೇಹಿತನೇ. ಎಲ್ಲರೂ ಅವನನ್ನು ಗಡ್ಡ ಅಂತ ಕರೆಯುತ್ತಿದ್ದರು.

"ಬೇರೆಯವರು ಹೇಳೋದಕ್ಕಿಂತ ನಾನೇ ಹೇಳೋಣ ಅಂತ ಬಂದೆ ಕಣೋ," ಅಂದ ಗಡ್ಡ, ಹಿತ್ತಲ ಬಾಗಿಲಲ್ಲಿ ನಿಂತು. "ಸ್ವಲ್ಪ ದಿನ ರೆಸ್ಟ್ ತಗೋ."

ಬಟ್ಟೆ ಹಿಂಡುತ್ತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಗಡ್ಡ ಹೋದ ಮೇಲೆ ಕೈ ಒರೆಸಿಕೊಂಡು ಮಗನ ಹತ್ತಿರ ಬಂದಳು.

"ಆ ಮಾತ್ರೆ ನಿಲ್ಸು."

"ಡಾಕ್ಟರು ನಿಲ್ಸಬಾರದು ಅಂದಿದಾರಮ್ಮ."

"ಹುಷಾರಾಗೇ ಇದೀಯಲ್ಲ. ಹುಷಾರಾಗಿರೋರು ಯಾರಾದ್ರೂ ಮಾತ್ರೆ ನುಂಗ್ತಾರಾ? ಅದನ್ನ ತಿಂದೇ ಈ ನಡುಕ. ಒಂದು ವಾರ ಬಿಟ್ಟು ನೋಡು."

"ಅತ್ತಿಗೆ ದಿನಾ ಕೇಳ್ತಾರೆ."

"ತಗೊಂಡ ಅಂತ ನಾನು ಹೇಳ್ತೀನಿ."

ಹತ್ತು ದಿನದಲ್ಲಿ ನಡುಕ ನಿಂತಿತು, ಅವನು ಮತ್ತೆ ಕೆಲಸಕ್ಕೆ ಹೋಗತೊಡಗಿದ. ಅಮ್ಮ ಅವನ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ನೋಡಿ, "ನಾನು ಹೇಳ್ಲಿಲ್ವಾ," ಅಂದಳು. ದಿನಾ ರಾತ್ರಿ ಊಟವಾದ ಮೇಲೆ ಅತ್ತಿಗೆ, "ಮಾತ್ರೆ ಆಯ್ತಾ ಅತ್ತೆ?" ಅಂತ ಕೇಳುತ್ತಿದ್ದಳು. "ಆಯ್ತಮ್ಮ," ಅನ್ನುತ್ತಿದ್ದಳು ಅಮ್ಮ.

ಮಾತ್ರೆ ಬಿಟ್ಟ ನಾಲ್ಕನೆಯ ವಾರ ಅವನು ಕೆಲಸಕ್ಕೆ ಹೋಗಲಿಲ್ಲ. ಸೊಂಟ ನೋವು ಅಂದ. ಐದನೆಯ ವಾರ ಏನೂ ಅನ್ನಲಿಲ್ಲ, ಸುಮ್ಮನೆ ಮಲಗಿದ. ತಟ್ಟೆಯ ಮುಂದೆ ಕೂತರೆ ಎರಡು ತುತ್ತು. ಗುಬ್ಬಿ ಗಣಿತದ ಪುಸ್ತಕ ಹಿಡಿದು ಬಂದರೆ, "ನಾಳೆ ಹೇಳಿಕೊಡ್ತೀನಿ," ಅನ್ನುತ್ತಿದ್ದ. ಆ ನಾಳೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣನ ತಾಳ್ಮೆ ತಪ್ಪಿತು.

"ಎಷ್ಟು ದಿನ ಅಂತ ಹೀಗೆ ಬಿದ್ಕೊಂಡಿರ್ತೀಯೋ? ನಾನು ನಾಲ್ಕು ಗಂಟೆಗೆ ಎದ್ದು ಬಸ್ಸು ತೆಗೀತೀನಿ. ನನಗೂ ಬೇಜಾರಾಗುತ್ತೆ. ಆದ್ರೂ ಹೋಗ್ತೀನಿ."

"ರೀ, ಊಟದ ಹೊತ್ತಲ್ಲಿ ಬೇಡ," ಅಂದಳು ಅತ್ತಿಗೆ.

"ಮತ್ತೆ ಯಾವ ಹೊತ್ತಲ್ಲಿ? ಬೇರೆ ಹೊತ್ತಲ್ಲಿ ಮುಸುಕು ಹಾಕಿರ್ತಾನೆ."

ತಮ್ಮ ತಲೆ ಎತ್ತಲಿಲ್ಲ. "ನೀನು ಹೇಳೋದು ಸರಿ ಅಣ್ಣ. ನಾನು ನಿಮಗೆಲ್ಲ ಭಾರ ಆಗಿದೀನಿ. ಇನ್ನು ಜಾಸ್ತಿ ದಿನ ಇರಲ್ಲ ಬಿಡು."

"ಹಾಗೇ ಎದ್ದು ಕೆಲಸಕ್ಕೆ ಹೋಗು," ಅಂದ ಅಣ್ಣ. ಸೋಮಾರಿತನ ಜಾಸ್ತಿ ದಿನ ಇರಲ್ಲ ಅಂತ ಅವನಿಗೆ ಕೇಳಿಸಿತ್ತು. ಅತ್ತಿಗೆಗೆ ಬೇರೆಯೇ ಕೇಳಿಸಿತು. ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಸಂಜೆ ಬಟ್ಟೆ ಮಡಿಸುವಾಗ ಅವಳು ಗಂಡನಿಗೆ ಹೇಳಿದಳು. "ಅವನನ್ನ ಒಂದು ಮಾತು ಕೇಳ್ಬೇಕು ರೀ."

"ಏನನ್ನ?"

"ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ ಅಂತ."

ಅಣ್ಣ ಎದ್ದು ಕೋಣೆಯ ಬಾಗಿಲು ಹಾಕಿದ. "ಬಾಯಿಗೆ ಬಂದದ್ದು ಆಡ್ಬೇಡ. ಅವನ ತಲೇಲಿ ಇಲ್ಲದ್ದನ್ನ ನಾವೇ ತುಂಬಿದ ಹಾಗಾಗುತ್ತೆ. ಅದು ಕೇಳಬಾರದ ಮಾತು. ಈ ಮನೇಲಿ ಯಾರೂ ಅದನ್ನ ಆಡಕೂಡದು."

"ಅವನಂದದ್ದು ಕೇಳಿಸ್ಲಿಲ್ವಾ ನಿಮಗೆ?"

"ಬೇಜಾರಲ್ಲಿ ಸಾವಿರ ಅಂತಾರೆ."

ಅವನ ಮುಖ ನೋಡಿದರೆ ಅದು ಬರೀ ಸಿಟ್ಟಲ್ಲ, ಹೆದರಿಕೆ ಅನ್ನುವುದು ಅವಳಿಗೆ ತಿಳಿಯಿತು. ಯಾವುದರ ಹೆದರಿಕೆ ಅಂತ ತಿಳಿಯಲಿಲ್ಲ. ಮಾರನೆಯ ದಿನ ಕಚೇರಿಯಿಂದ ಆಸ್ಪತ್ರೆಗೆ ಫೋನು ಮಾಡಿದಳು. "ಅರ್ಜೆಂಟಾ?" ಅಂತ ಆ ಕಡೆಯವರು ಕೇಳಿದರು. "ಗೊತ್ತಿಲ್ಲ," ಅಂದಳು. ಎಂಟು ದಿನ ಬಿಟ್ಟು ಬರಲು ಹೇಳಿದರು. ಆಗಲಿ ಅಂದಳು. ಆ ಒಂದು "ಗೊತ್ತಿಲ್ಲ" ಆಮೇಲೆ ಅವಳನ್ನು ಬಹಳ ದಿನ ಕಾಡಿತು.

ಗುರುವಾರ ತಮ್ಮ ಎಲ್ಲರಿಗಿಂತ ಮೊದಲೇ ಎದ್ದ. ಮುಖಕ್ಷೌರ ಮಾಡಿಕೊಂಡ, ತಲೆಗೆ ಸ್ನಾನ ಮಾಡಿದ. ಎರಡು ಮೊಟ್ಟೆ ತಿಂದು ಇನ್ನೊಂದು ಕೇಳಿದ. ಗುಬ್ಬಿಯ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟ. ಅಣ್ಣ ಡಬ್ಬಿ ತೆಗೆದುಕೊಂಡು ಹೊರಡುವಾಗ, "ಹುಷಾರಾಗಿ ಹೋಗಿ ಬಾ," ಅಂದ. ಅಮ್ಮನ ಸಂತೋಷ ಹೇಳತೀರದು. ನಾಲ್ಕು ಮನೆ ಆಚೆಗೂ ಕೇಳುವ ಹಾಗೆ ಪಾತ್ರೆ ತೊಳೆದಳು.

"ನೋಡಿದೆಯಾ," ಅಂದಳು ಸೊಸೆಗೆ. "ಮೋಡ ಸರಿದ ಹಾಗೆ ಸರೀತು."

ಅತ್ತಿಗೆಗೂ ಹಾಗೇ ಅನ್ನಿಸಿತು. ತಿಂಗಳ ನಂತರ ಮೊದಲ ಸಲ ಅವಳು ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿದಳು.

ಹನ್ನೊಂದು ಗಂಟೆಗೆ ಕೌಂಟರಿನ ಸಾಲಿನಲ್ಲಿ ಗಡ್ಡ ನಿಂತಿದ್ದ. ಕೈಯಲ್ಲಿ ಪಾರ್ಸೆಲ್ ಇರಲಿಲ್ಲ.

"ಅತ್ತಿಗೆ, ನಿಮ್ಮ ಮೈದುನ ಬೇರೆ ಏನಾದ್ರೂ ಕೆಲಸ ಹಿಡಿದ್ನಾ?"

"ಇಲ್ವಲ್ಲ. ಯಾಕೆ?"

"ಈಗ್ತಾನೆ ನಮ್ಮನೆಗೆ ಬಂದು ಕಟರು, ರಸಮಟ್ಟ, ಕರಣೆ, ತನ್ನ ಕೆಲಸದ ಸಾಮಾನೆಲ್ಲ ಕೊಟ್ಟು ಹೋದ. ನೀನೇ ಇಟ್ಕೋ, ನನಗಿನ್ನು ಬೇಡ ಅಂದ. ನಗ್ತಾನೇ ಅಂದ. ಆ ಕರಣೆ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿದು. ನನ್ನನ್ನ ಒಂದು ದಿನಾನೂ ಮುಟ್ಟೋಕೆ ಬಿಟ್ಟೋನಲ್ಲ. ನನಗ್ಯಾಕೋ ಸರಿ ಕಾಣ್ಲಿಲ್ಲ."

ಅತ್ತಿಗೆ ಕೈಯಲ್ಲಿದ್ದ ಅಂಟುಪಟ್ಟಿಯನ್ನು ಕೆಳಗಿಟ್ಟಳು. ಪಕ್ಕದ ಕೌಂಟರಿನವರಿಗೆ, "ನೋಡ್ಕೊಳ್ಳಿ," ಅಂತ ಮಾತ್ರ ಹೇಳಿ ಎದ್ದಳು. ಮೆಟ್ಟಿಲಿಳಿಯುತ್ತಲೇ ಅತ್ತೆಗೆ ಫೋನು ಮಾಡಿದಳು.

"ನಾನು ನಮ್ಮಕ್ಕನ ಮನೆಗೆ ಹೊರಟಿದೀನಮ್ಮ," ಅಂದಳು ಅಮ್ಮ. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು. "ಅವನೇ ಬಸ್ಸು ಹತ್ತಿಸಿ ಹೋದ. ಎರಡು ದಿನ ಇದ್ದು ಬಾ ಅಂದ. ಎಷ್ಟು ದಿನ ಆಗಿತ್ತು ಅವನು ನನ್ನ ಕೈ ಹಿಡಿದು."

ಅತ್ತಿಗೆ ಟ್ಯಾಕ್ಸಿ ಹತ್ತಿದಳು. ದಾರಿಯಲ್ಲಿ ತಮ್ಮನಿಗೆ ಮೂರು ಸಲ ಫೋನು ಮಾಡಿದಳು. ಮೂರು ಸಲವೂ ತೆಗೆಯಲಿಲ್ಲ.

ಮನೆಯ ಬಾಗಿಲು ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಅವನು ಬಚ್ಚಲಿನಲ್ಲಿ ಮಂಡಿಯೂರಿ ಕೂತಿದ್ದ. ಎರಡು ವರ್ಷದಿಂದ ಅಲ್ಲಾಡುತ್ತಿದ್ದ ಟೈಲನ್ನು ಕೂರಿಸಿ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದ. ಕರಣೆ ಕೊಟ್ಟುಬಿಟ್ಟಿದ್ದನಲ್ಲ, ಅಡುಗೆಮನೆಯ ಹಳೇ ಚಮಚ ಹಿಡಿದಿದ್ದ.

"ಇಷ್ಟು ಬೇಗ ಬಂದ್ರಾ ಅತ್ತಿಗೆ?"

ಅವಳು ಬಚ್ಚಲಿನ ಬಾಗಿಲಿಗೆ ಬಂದಳು. ಹೊಸ್ತಿಲ ಮೇಲೆ ಕೂತಳು. ಕಚೇರಿಯ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು.

"ನಿನ್ನನ್ನ ಒಂದು ಕೇಳ್ತೀನಿ. ನೇರ ಹೇಳು. ಸಾಯ್ಬೇಕು ಅಂತ ಯೋಚನೆ ಮಾಡಿದೀಯಾ?"

ಅವನು ಬೆಚ್ಚಲಿಲ್ಲ. ಚಮಚದ ಬೆನ್ನಿನಿಂದ ಸಂದನ್ನು ಒಮ್ಮೆ ಒತ್ತಿ ಸವರಿದ.

"ಹೂಂ," ಅಂದ.

"ಯಾವತ್ತು?"

"ನಾಳೆ. ನೀವೆಲ್ಲ ಹೋದ ಮೇಲೆ."

"ಎಷ್ಟು ದಿನದಿಂದ ಇದು?"

"ಮೂರು ವಾರ ಆಯ್ತೇನೋ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಅತ್ತಿಗೆ. ಊಟಕ್ಕೆ ಕೂತಾಗ ಹೇಳೋ ಮಾತಾ ಅದು?"

ಹೇಗೆ, ಎಲ್ಲಿ ಅನ್ನುವುದನ್ನೂ ಅವಳು ಕೇಳಿದಳು. ಅವನು ಹೇಳಿದ. ಅದನ್ನು ಅವಳು ಡಾಕ್ಟರಮ್ಮನಿಗೆ ಬಿಟ್ಟು ಬೇರೆ ಯಾರಿಗೂ ಎಂದೂ ಹೇಳಲಿಲ್ಲ.

"ಮಾತ್ರೆ ತಗೋತಿದೀಯಾ?"

"ಬಿಟ್ಟು ಆರು ವಾರ ಆಯ್ತು."

ಅವಳು ಮೊಬೈಲು ತೆಗೆದಳು. ಆಸ್ಪತ್ರೆಗೆ ಫೋನು ಮಾಡಿದಳು. ಈ ಸಲ ಅವರು ಕೇಳುವ ಮೊದಲೇ, "ಅರ್ಜೆಂಟು," ಅಂದಳು. ಡಾಕ್ಟರಮ್ಮ ಲೈನಿಗೆ ಬಂದು, ಅವನನ್ನು ಒಂದು ನಿಮಿಷವೂ ಒಬ್ಬನೇ ಬಿಡಬೇಡಿ, ಅವನು ಹೇಳಿದ ವಸ್ತು ಅವನ ಕೈಗೆ ಸಿಗದ ಹಾಗೆ ಮಾಡಿ, ಈಗಲೇ ಕರೆತನ್ನಿ ಅಂದರು. ಅತ್ತಿಗೆ ಗಡ್ಡನಿಗೆ ಫೋನು ಮಾಡಿ ಟ್ಯಾಕ್ಸಿ ತರಿಸಲು ಹೇಳಿದಳು. ಬಸ್ ಡಿಪೋಗೆ ಫೋನು ಮಾಡಿ ಅಣ್ಣನನ್ನು ಆಸ್ಪತ್ರೆಗೆ ಕಳಿಸಲು ಹೇಳಿದಳು.

ಟ್ಯಾಕ್ಸಿಗೆ ಕಾಯುವಾಗ ತಮ್ಮ ಎದ್ದು ನಿಂತ. "ಅತ್ತಿಗೆ, ಒಂದಕ್ಕೆ ಹೋಗ್ಬೇಕು."

"ಹೋಗು. ಬಾಗಿಲು ಹಾಕ್ಬೇಡ. ನಾನು ಆ ಕಡೆ ತಿರುಗಿ ಕೂತಿರ್ತೀನಿ."

"ನಾಚಿಕೆ ಆಗುತ್ತೆ."

"ಆಗ್ಲಿ. ನಾನು ಗಟ್ಟಿಯಾಗಿ ಮಗ್ಗಿ ಹೇಳ್ತೀನಿ, ಏನೂ ಕೇಳ್ಸಲ್ಲ."

ಅವಳು ಗೋಡೆಗೆ ಮುಖ ಮಾಡಿ ಹದಿನೇಳರ ಮಗ್ಗಿ ಹೇಳಿದಳು. ಆರರ ಹತ್ತಿರ ತಪ್ಪಿತು. ಒಳಗಿಂದ ಅವನು, "ನೂರ ಎರಡು," ಅಂದ. ಆಗ ಅವಳಿಗೆ ಅಳು ಬಂತು. ಸದ್ದು ಮಾಡದೆ ಅತ್ತು ಮುಗಿಸಿದಳು.

ಆಸ್ಪತ್ರೆಗೆ ಅಣ್ಣ ಯೂನಿಫಾರ್ಮಿನಲ್ಲೇ ಬಂದ. ಅವನು ಒಳಗೆ ಕಾಲಿಡುವಾಗ ಡಾಕ್ಟರಮ್ಮ ತಮ್ಮನನ್ನು ಅದೇ ಮಾತು ಕೇಳುತ್ತಿದ್ದರು. ಜ್ವರ ಇದೆಯಾ ಅಂತ ಕೇಳುವ ದನಿಯಲ್ಲೇ ಕೇಳಿದರು. ಅಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ.

"ಹೀಗೆ ಕೇಳ್ಬಹುದಾ ಡಾಕ್ಟ್ರೇ?" ಅಂದ.

"ಕೇಳ್ಬೇಕು. ಕೇಳಿದ್ರೆ ಆ ಯೋಚನೆ ಹುಟ್ಟಲ್ಲ. ಇದ್ರೆ ಹೊರಗೆ ಬರುತ್ತೆ. ನಿಮ್ಮ ಹೆಂಡತಿ ಕೇಳಿದ್ದಕ್ಕೇ ಇವರು ಇಲ್ಲಿ ಕೂತಿದಾರೆ."

ನಡುಕದ ವಿಷಯ ತಿಳಿದಾಗ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದನ್ನ ನನಗೆ ಯಾಕೆ ಹೇಳ್ಲಿಲ್ಲ? ಪ್ರಮಾಣ ಇಳಿಸಬಹುದಿತ್ತು. ನಡುಕಕ್ಕೇ ಬೇರೆ ಮಾತ್ರೆ ಇದೆ. ಬೇಕಾದ್ರೆ ಈ ಔಷಧಿಯನ್ನೇ ಬದಲಾಯಿಸಬಹುದಿತ್ತು. ಏಕಾಏಕಿ ನಿಲ್ಲಿಸೋದು ಮಾತ್ರ ಅಪಾಯ."

"ಹೋದ ಸಲ ಬಂದಾಗ ನೀವು ರಕ್ತದ ರಿಪೋರ್ಟು ನೋಡಿದ್ರಿ," ಅಂದ ತಮ್ಮ. "ಕೈ ನೋಡ್ಲಿಲ್ಲ."

ಡಾಕ್ಟರಮ್ಮ ಅವನ ಎರಡೂ ಕೈ ಚಾಚಿಸಿ ನೋಡಿದರು. "ಹೌದು. ಅದು ನನ್ನ ತಪ್ಪು," ಅಂದರು. ಅವನನ್ನು ಅಂದೇ ವಾರ್ಡಿಗೆ ಸೇರಿಸಿಕೊಂಡರು.

ಹೊರಗೆ ಬೆಂಚಿನ ಮೇಲೆ ಕೂತಾಗ ಅಣ್ಣ ತನ್ನ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ. "ನನ್ನ ಜೊತೆ ಕಂಡಕ್ಟರ್ ಇದ್ನಲ್ಲ, ಹೋದ ವರ್ಷ ತೀರಿಕೊಂಡೋನು."

"ಹೃದಯಾಘಾತ ಅಂದ್ರಿ."

"ಅದು ಮನೆಯವರು ಹೇಳಿದ್ದು. ಅವತ್ತು ಅವನು ಡಬ್ಬಿ ಬಿಚ್ಚದೆ ಕೂತಿದ್ದ. ನನಗೆ ಅನುಮಾನ ಬಂದಿತ್ತು. ಕೇಳೋಣ ಅಂತ ಬಾಯಿ ತೆರೆದೆ. ಆಮೇಲೆ, ನಾನು ಕೇಳಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ ಹೆದರಿ, ಉಪ್ಪಿನ ಡಬ್ಬಿ ಕೊಡು ಅಂದೆ."

ಅತ್ತಿಗೆ ಅವನ ಟೋಪಿಯನ್ನು ತೆಗೆದು ತನ್ನ ಚೀಲದಲ್ಲಿಟ್ಟುಕೊಂಡಳು.

ಅಮ್ಮ ಮಾರನೆಯ ದಿನ ವಾಪಸು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. "ನಾನೇ ನಿಲ್ಸು ಅಂದದ್ದು."

"ದಿನಾ ಕೇಳ್ತಿದ್ದೆನಲ್ಲ ಅತ್ತೆ," ಅಂದಳು ಅತ್ತಿಗೆ. ದನಿ ಏರಿರಲಿಲ್ಲ, ಅದಕ್ಕೇ ಗುಬ್ಬಿ ಪುಸ್ತಕದಿಂದ ತಲೆ ಎತ್ತಿದಳು. "ದಿನಾ ಆಯ್ತು ಅಂದ್ರಿ. ನನ್ನ ಮುಖ ನೋಡಿಕೊಂಡು ಅಂದ್ರಿ."

"ಆ ಕೈ ನಡುಗೋದು ನೋಡೋಕಾಗ್ಲಿಲ್ಲ ಕಣೇ. ಅದೇ ಅಲ್ವಾ ಅವನ ಅನ್ನ."

"ಅನ್ನ ತಿನ್ನೋಕೆ ಅವನಿರಬೇಕಲ್ಲ."

ಅಮ್ಮ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ, ಸಂಜೆಯೂ ಏಳಲಿಲ್ಲ. ಅತ್ತಿಗೆ ತಟ್ಟೆ ಬಡಿಸಿ ಅವಳ ಮುಂದಿಟ್ಟಳು. "ನೀವೂ ಹೀಗೆ ಮಲಗಿದ್ರೆ ನಾನು ಎಷ್ಟು ಜನಾನ ಕಾಯ್ಲಿ? ಉಣ್ಣಿ. ನನಗಿನ್ನೂ ಸಿಟ್ಟಿದೆ, ಅದನ್ನ ನಾಳೆ ಮುಂದುವರಿಸ್ತೀನಿ."

ಅಮ್ಮ ಎದ್ದು ಕೂತು ಉಂಡಳು. ಸಿಟ್ಟು ನಾಳೆಯೂ ಮುಂದುವರಿಯಿತು, ಅದರ ನಾಳೆಯೂ. ನಡುವೆ ಇಬ್ಬರೂ ಸೇರಿ ತರಕಾರಿ ಹೆಚ್ಚಿದರು, ಇಬ್ಬರೂ ಸರದಿಯ ಮೇಲೆ ಆಸ್ಪತ್ರೆಗೆ ಡಬ್ಬಿ ಒಯ್ದರು.

ಗುಬ್ಬಿ ಒಂದು ದಿನ ಜಡೆ ಹಾಕಿಸಿಕೊಳ್ಳುವಾಗ ಕೇಳಿದಳು. "ಅಮ್ಮ, ಚಿಕ್ಕಪ್ಪ ಸಾಯೋಕೆ ಹೊರಟಿದ್ನಾ?"

ಅತ್ತಿಗೆಯ ಬೆರಳುಗಳು ಜಡೆಯಲ್ಲೇ ನಿಂತವು. "ಹೂಂ. ಅದು ಅವನ ಕಾಯಿಲೆ ಮಾಡಿಸಿದ ಯೋಚನೆ. ಔಷಧಿ ಕೊಡ್ತಿದಾರೆ."

"ನನ್ನ ಗಣಿತದಿಂದ ಬೇಜಾರಾಗಿ ಅಲ್ಲ ತಾನೆ?"

"ಅಲ್ಲ ಕಂದ. ನಿನ್ನಿಂದ ಅಲ್ಲ, ಯಾರಿಂದಲೂ ಅಲ್ಲ."

ಮೂರು ವಾರದ ಮೇಲೆ ತಮ್ಮ ಮನೆಗೆ ಬಂದ. ತೆಳ್ಳಗಾಗಿದ್ದ. ನಡುಕ ಪೂರ್ತಿ ಹೋಗಿರಲಿಲ್ಲ, ಆದರೆ ಲೋಟ ಚೆಲ್ಲುತ್ತಿರಲಿಲ್ಲ. ಮಾತ್ರೆಯ ಡಬ್ಬಿ ಅತ್ತಿಗೆಯ ಕಚೇರಿ ಚೀಲದಲ್ಲಿರುತ್ತಿತ್ತು. ಆಯಾ ದಿನದ್ದನ್ನು ಅವಳು ಅವನ ಅಂಗೈಗೆ ಹಾಕುತ್ತಿದ್ದಳು, ಅಮ್ಮ ನೀರು ಕೊಟ್ಟು ನಿಂತು ನೋಡುತ್ತಿದ್ದಳು. ಡಾಕ್ಟರಮ್ಮ ಅವನ ಕೈಯಿಂದಲೇ ಒಂದು ಹಾಳೆ ಬರೆಸಿದ್ದರು. ಯೋಚನೆ ಬರುವ ಮುಂಚೆ ತನಗೆ ಏನೇನಾಗುತ್ತದೆ, ಬಂದರೆ ಮೊದಲು ಏನು ಮಾಡಬೇಕು, ಯಾರಿಗೆ ಹೇಳಬೇಕು, ಅವರು ಸಿಗದಿದ್ದರೆ ಇನ್ಯಾರಿಗೆ. ಅದರಲ್ಲಿ ಅತ್ತಿಗೆಯ ಹೆಸರು ಮೊದಲಿತ್ತು, ಅಣ್ಣನದು ನಾಲ್ಕನೆಯದು, ಗಡ್ಡನ ಕೆಳಗೆ. ಅಣ್ಣ ಅದನ್ನು ಎರಡು ಸಲ ಓದಿದ.

ಕೆಲಸಕ್ಕೆ ಇನ್ನೂ ಒಂದು ತಿಂಗಳು ಬೇಡ ಅಂದಿದ್ದರು. ಮನೆಯಲ್ಲಿ ಒಬ್ಬನೇ ಇರುವ ಹಾಗಿರಲಿಲ್ಲ. ಅಮ್ಮ ಪೇಟೆಗೆ ಹೋಗುವ ದಿನ ಅಣ್ಣ ಅವನನ್ನು ತನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಡ್ರೈವರ್ ಸೀಟಿನ ಹಿಂದಿನ ಸೀಟು. ಹೋಗಿ ಬರುವ ದಾರಿಯಲ್ಲಿ ಇಬ್ಬರೂ ಟ್ರಾಫಿಕ್ಕಿನ ಬಗ್ಗೆ ಮಾತಾಡುತ್ತಿದ್ದರು, ಇಲ್ಲವೆ ಸುಮ್ಮನಿರುತ್ತಿದ್ದರು.

ಒಂದು ಬುಧವಾರ, ಬೆಳಗಿನ ಒಂಬತ್ತೂವರೆ. ಕೊನೆಯ ಸ್ಟಾಪಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಕಂಡಕ್ಟರ್ ಚಹಾ ಕುಡಿಯಲು ಇಳಿದಿದ್ದ. ಅಣ್ಣ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದಿನ ಗಾಜನ್ನೇ ನೋಡುತ್ತಿದ್ದ. ಬಟ್ಟೆ ತೆಗೆದು ಗಾಜು ಒರೆಸಿದ. ಮತ್ತೆ ಒರೆಸಿದ.

"ಇವತ್ತು," ಅಂದ. "ಇವತ್ತು ಬಂತಾ? ಸಾಯೋ ಯೋಚನೆ?"

ಅಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಬದಿಗಿಟ್ಟ.

"ಬೆಳಿಗ್ಗೆ ಬಂತು," ಅಂದ ತಮ್ಮ. "ಹಲ್ಲುಜ್ಜುವಾಗ."

"ಆಮೇಲೆ?"

"ಅತ್ತಿಗೆಗೆ ಹೇಳ್ದೆ. ಬಂದು ಪಕ್ಕದಲ್ಲಿ ನಿಂತುಕೊಂಡ್ರು. ಅವರೂ ಹಲ್ಲುಜ್ಜಿದ್ರು. ಸ್ವಲ್ಪ ಹೊತ್ತಿಗೆ ಹೋಯ್ತು."

"ಈಗ?"

"ಈಗ ಇಲ್ಲ."

ಜನ ಹತ್ತಿ ಕೂತಾಗಿತ್ತು. ಕಂಡಕ್ಟರ್ ಸೀಟಿ ಊದಿದ. ಹಿಂದಿನಿಂದ ಒಬ್ಬರು, "ಟೈಮಾಯ್ತು, ಹೊರಡ್ರೀ," ಅಂದರು. ಅಣ್ಣ ಎದ್ದು ಸೀಟಿನಿಂದ ಈಚೆ ಬಂದು ತಮ್ಮನ ಪಕ್ಕದಲ್ಲಿ ಕೂತ.

"ಒಂದು ನಾಲ್ಕು ನಿಮಿಷ ತಡೀರಿ," ಅಂದ ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ತಮ್ಮನ ಕಡೆ ತಿರುಗಿದ. "ಹೇಳು. ಹಲ್ಲುಜ್ಜುವಾಗ ಏನಾಯ್ತು? ಮೊದಲಿಂದ ಹೇಳು."